ಒಂದೇ ನಂಬರಿನ ಇಬ್ಬರು ಮಕ್ಕಳು

ಎಂಬತ್ತರ ದಶಕದಲ್ಲಿ ನಾನು ಸಂತೇಬೆನ್ನೂರಿನ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದೆ. ದಾಖಲಾತಿ ರಿಜಿಸ್ಟರ್ ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಾಳೆ ತಿರುಗಿಸುವಾಗ ಹಿಂದಿನ ಪುಟದ ಕೊನೆಯ ನಂಬರನ್ನೇ ಮುಂದಿನ ಪುಟದ ಮೊದಲ ಸಾಲಿಗೂ ಬರೆದುಬಿಟ್ಟಿದ್ದೆ. ಒಬ್ಬ ಹುಡುಗಿಗೂ ಒಬ್ಬ ಹುಡುಗನಿಗೂ ಒಂದೇ ನಂಬರು. ಏಳು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಇಬ್ಬರೂ ಏಳನೇ ಕ್ಲಾಸು ಪಾಸಾದರು. ಹುಡುಗ ಮೊದಲು ಟಿ.ಸಿ. ಒಯ್ದು ಚನ್ನಗಿರಿಯ ಹೈಸ್ಕೂಲು ಸೇರಿದ. ಹಿಂದೆಯೇ ಹೋದ ಹುಡುಗಿಯ ಟಿ.ಸಿ. ವಾಪಸ್ ಬಂತು. ಈ ನಂಬರು ಬೇರೆಯವರದು, ಶನಿವಾರದೊಳಗೆ ಸರಿಪಡಿಸಿ ತರದಿದ್ದರೆ ಸೀಟಿಲ್ಲ ಎಂದರು.

ಸರಿಪಡಿಸುವುದೇನು ಮಣ್ಣು! ರಿಜಿಸ್ಟರಿನಲ್ಲಿ ತಿದ್ದುವಂತಿಲ್ಲ. ಕೆಳಗಿನ ನಂಬರುಗಳನ್ನೆಲ್ಲ ಒಂದೊಂದು ಮುಂದೆ ಸರಿಸೋಣವೆಂದರೆ, ಅದೇ ನಂಬರುಗಳ ಮೇಲೆ ಎಷ್ಟೋ ಮಕ್ಕಳು ಟಿ.ಸಿ. ಒಯ್ದಾಗಿತ್ತು. ಪಕ್ಕದಲ್ಲಿ ಒಂದು 'ಅ' ಸೇರಿಸೋಣ ಎಂದೆ. ಆ ಕಾಲಂನಲ್ಲಿ ಅಂಕಿ ಬಿಟ್ಟು ಬೇರೇನೂ ಕೂಡದಂತೆ. ಉಳಿದದ್ದು ಒಂದೇ ದಾರಿ: ಹಳೆಯ ದಾಖಲೆ ಮುಚ್ಚಿ, ಕೊನೆಯ ಸಾಲಿನಲ್ಲಿ ಹೊಸ ನಂಬರು ಕೊಡುವುದು. ಅದಕ್ಕೆ ಕಾರಣ ಬೇಕು, ಹೆತ್ತವರ ಒಪ್ಪಿಗೆಯೂ ಬೇಕು. 'ನಡುವೆ ಶಾಲೆ ಬಿಟ್ಟು ಮತ್ತೆ ಸೇರಿದಳು' ಎಂದು ಹೆಡ್‌ಮಾಸ್ತರರು ನನ್ನಿಂದಲೇ ಬರೆಸಿದರು. ಸುಳ್ಳೇಕೆ ಹೇಳಲಿ, ನನ್ನ ತಪ್ಪು ಮುಚ್ಚಿಹೋಯಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ಶುಕ್ರವಾರ ಹುಡುಗಿಯ ತಾಯಿಯನ್ನು ಕರೆಸಿದೆವು. ಅಡಿಕೆ ಸುಲಿಯುವ ಕೂಲಿಗೆ ಹೋಗುವವಳು, ಓದು ಬರಹ ಬಾರದು. ಕಾಗದ ಓದಿ ಹೇಳಿ ಇಂಕಿನ ಪ್ಯಾಡು ಮುಂದಿಟ್ಟರೆ ಆಕೆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಒಂದಿನಾನೂ ಬಿಟ್ಟಿಲ್ಲ ನನ್ ಮಗಳು. ಬಿಟ್ಟಿದ್ಳು ಅಂತ ಹೆಂಗ್ ಒತ್ಲಿ?"

"ನಾಳೆ ಸೀಟು ಹೋಗ್ತೈತೆ ಕಣವ್ವಾ! ಒಂದು ಹೆಬ್ಬೆಟ್ಟು ಒತ್ತಾಕೆ ನಿಂಗೇನು ದಾಡಿ?" ಎಂದು ಹೆಡ್‌ಮಾಸ್ತರರು ರೇಗಿದರು.

"ಹೋದ್ರೆ ಹೋಗ್ಲಿ ಸಾರ್." ಆಕೆಯ ಕಣ್ಣು ತುಂಬಿತ್ತು. "ಯಾರು ತಪ್ಪು ಬರ್ದಾರೋ ಅವ್ರ ಹೆಸ್ರು ಬರೀರಿ."

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗದಿದ್ದದ್ದೇ ಪುಣ್ಯ. ನಾಚಿಕೆಯಾಯಿತು. ಕಾಗದ ಹರಿದೆ. ತಪ್ಪು ನನ್ನದು, ಹುಡುಗಿ ಏಳು ವರ್ಷವೂ ತಪ್ಪದೆ ಶಾಲೆಗೆ ಬಂದಿದ್ದಾಳೆ ಎಂದು ಬೇರೆ ಬರೆದು ಸಹಿ ಹಾಕಿದೆ.

"ನಿಮ್ ಸರ್ವಿಸ್ ಬುಕ್ಕಿಗೆ ಏರ್ತೈತೆ, ನೋಡ್ರಿ ಮತ್ತೆ" ಎಂದರು ಹೆಡ್‌ಮಾಸ್ತರರು. ಏರಲಿ ಎಂದೆ. ಮುಂದೆ ಏರಿತು ಕೂಡ. ಹುಡುಗಿಗೆ ಸೀಟೂ ಸಿಕ್ಕಿತು.

ಆದರೆ ಆ ದಿನ ತಾಯಿ ಅಷ್ಟಕ್ಕೇ ಬಿಡಲಿಲ್ಲ.

"ಓದ್ರಿ ಅಕ್ಕೋರೆ" ಎಂದಳು. ಓದಿದೆ. ಬಾಗಿಲಾಚೆ ನಿಂತಿದ್ದ ಮಗಳನ್ನು ಕೈಹಿಡಿದು ಒಳಗೆ ಕರೆತಂದಳು.

"ಇನ್ನೊಂದ್ಸಲ ಓದ್ರಿ. ಇವ್ಳೂ ಕೇಳ್ಲಿ."

ಎರಡನೇ ಸಲ ಹುಡುಗಿಯ ಕಡೆ ತಿರುಗಿ ಓದಿದೆ. ಓದಿ ಮುಗಿಸುತ್ತಲೇ ತಾಯಿ ತಾನೇ ಪ್ಯಾಡು ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು.