ಜಲಜಾ ಕಳಿಸದ ಅರ್ಜಿ

ಶಾಲೆಯ ಹೆಸರನ್ನು ಊರಿಗೆಲ್ಲ ಚೆನ್ನಾಗಿ ಮುಟ್ಟಿಸಿದ್ದಕ್ಕೂ ಒಂದು ಪ್ರಶಸ್ತಿ ಇದೆ ಎಂದು ಜಲಜಾ ಹೇಳಿದಾಗ ನಾನು ನಕ್ಕಿದ್ದೆ. ನಾನು ಲೈಬ್ರರಿಯವಳು. ಪುಸ್ತಕ ಓದಿದ ಮಕ್ಕಳಿಗೆ ಒಂದು ಪೆನ್ಸಿಲ್ ಕೊಡಿಸಿ ಎಂದರೆ ಮೂರು ಸಹಿ ಕೇಳುವ ಶಾಲೆ ನಮ್ಮದು. ಜಲಜಾಗೆ ಮಾತ್ರ ಅದು ನಗುವ ಮಾತಾಗಿರಲಿಲ್ಲ. ಆಕೆ ನಮ್ಮ ಶಾಲೆಯ ಸಂಪರ್ಕಾಧಿಕಾರಿ. ನಾಲ್ಕು ಸಲ ಅರ್ಜಿ ಹಾಕಿ, ನಾಲ್ಕೂ ಸಲ ಗುರುಗ್ರಾಮದ ಹೋಟೆಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತು, ಬೇರೆಯವರಿಗೆ ಚಪ್ಪಾಳೆ ತಟ್ಟಿ ಬಂದಿದ್ದಳು. ಬರುವ ಮಾರ್ಚಿಗೆ ನಿವೃತ್ತಿ. ಇದೇ ಕೊನೆಯ ಅವಕಾಶ.

ಗಂಡ ಚಂದ್ರಮೋಹನರ ಕೇಂದ್ರ ಸರ್ಕಾರದ ನೌಕರಿಯ ಬೆನ್ನು ಹತ್ತಿ ದಾವಣಗೆರೆಯಿಂದ ದೆಹಲಿಯ ಕಿದ್ವಾಯಿ ನಗರಕ್ಕೆ ಬಂದವಳು ಜಲಜಾ. ಶಾಲೆಯಿಂದ ಫೋನ್ ಬಂದರೆ ಯಾವ ತಾಯಿಗೂ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಅವಳು ಹಲೋ ಅನ್ನುವ ಮೊದಲೇ "ಬಚ್ಚಾ ಠೀಕ್ ಹೈ", ಮಗು ಚೆನ್ನಾಗಿದೆ, ಎನ್ನುತ್ತಿದ್ದಳು. ಇಂಥದ್ದಕ್ಕೆಲ್ಲ ಯಾರು ಪ್ರಶಸ್ತಿ ಕೊಡುತ್ತಾರೆ?

ಈ ಸಲ ಪ್ರಿನ್ಸಿಪಾಲ್ ಸುಹಾಸ್ ಅವರೇ ಕರೆದು ಹೇಳಿದರು: "ಅಕ್ಷಿತಾಳ ವಿಷಯ ಬರೀರಿ. ಅದಕ್ಕಿಂತ ದೊಡ್ಡ ಕೆಲಸ ಯಾರು ಮಾಡಿದ್ದಾರೆ?"

ಅದು ಎರಡು ವರ್ಷದ ಹಿಂದಿನ ಮಾತು. ಅಕ್ಷಿತಾ ಆಗ ಏಳನೇ ಕ್ಲಾಸು. ಅವಳ ಅಪ್ಪ, ಕೊಡಗಿನ ಪೂವಯ್ಯ, ಸೇನೆಯಲ್ಲಿದ್ದರು. ಗಡಿಯ ಹತ್ತಿರ ಅವರ ವಾಹನ ಕಣಿವೆಗೆ ಉರುಳಿತು. ಬೆಳಿಗ್ಗೆ ಹನ್ನೊಂದೂವರೆಗೆ ತಾಯಿ ಪೊನ್ನಮ್ಮ ನೋಯ್ಡಾದ ಆಫೀಸಿನಿಂದ ಫೋನ್ ಮಾಡಿ, "ಪೂವಯ್ಯ ಹೋಗ್ಬಿಟ್ರು ಅಕ್ಕ. ಅವಳಿಗೆ ನಾನೇ ಹೇಳ್ಬೇಕು. ನಾನು ಬರೋವರೆಗೂ ಯಾರ ಬಾಯಿಂದಲೂ ಕೇಳ್ಬಾರ್ದು" ಎಂದರು. ಅಷ್ಟರಲ್ಲೇ ಪಾಲಕರ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದಾಗಿತ್ತು. ಜಲಜಾ ಮೂವತ್ತೆಂಟು ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿ, ಮಕ್ಕಳಿಗೆ ತಿಳಿಸಬೇಡಿ ಎಂದು ಬೇಡಿಕೊಂಡಳು. ಗೇಟಿಗೆ ಬಂದ ಟಿವಿಯವರನ್ನು ಕೈಮುಗಿದು ವಾಪಸ್ ಕಳಿಸಿದಳು. ಅಕ್ಷಿತಾಳನ್ನು ತನ್ನ ಕೋಣೆಗೆ ಕರೆಸಿ, ವಾರ್ಷಿಕೋತ್ಸವದ ಆಮಂತ್ರಣಗಳಿಗೆ ವಿಳಾಸದ ಚೀಟಿ ಅಂಟಿಸಲು ಕೂರಿಸಿದಳು. ಮಾತು, ನಗು, ಕ್ಯಾಂಟೀನಿನ ಸಮೋಸಾ. ಫೋನ್ ಬಂದಾಗಲೆಲ್ಲ ಹೊರಗೆ ಹೋಗಿ ಮಾತಾಡಿ, ಮುಖ ಒರೆಸಿಕೊಂಡು ಒಳಗೆ ಬರುತ್ತಿದ್ದಳು. ಪೊನ್ನಮ್ಮ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ.

ಜಲಜಾ ಇದನ್ನೆಲ್ಲ ಗಂಟೆ, ನಿಮಿಷ ಸಮೇತ ಮೂರು ಪುಟ ಬರೆದಳು. ಓದಿ ನಾನು ಅತ್ತೆ. ಗೆದ್ದ ಬರಹವನ್ನು ಪ್ರಶಸ್ತಿ ಕೊಡುವ ಸಂಘದವರು ಹೆಸರು ಸಮೇತ ಅಚ್ಚು ಹಾಕುತ್ತಾರೆ. ಹಾಗಾಗಿ ಮನೆಯವರ ಒಪ್ಪಿಗೆಯ ಸಹಿ ಬೇಕಿತ್ತು.

ಪಾಲಕರ ಸಭೆಯ ಶನಿವಾರ ಪೊನ್ನಮ್ಮ ಮಗಳೊಂದಿಗೆ ಜಲಜಾಳ ಕೋಣೆಗೆ ಬಂದರು. ನಾನೂ ಅಲ್ಲೇ ಇದ್ದೆ. "ನಿಮಗೆ ಸಿಗ್ಲೇಬೇಕು ಅಕ್ಕ" ಎನ್ನುತ್ತ ಪೆನ್ನು ತೆಗೆದರು. ಅಕ್ಷಿತಾಗೆ ಅದು ಯಾವ ಕಾಗದವೆಂದು ಗೊತ್ತಿರಲಿಲ್ಲ. ಮೇಜನ್ನು ಸವರುತ್ತ ಹೇಳಿದಳು:

"ಆಂಟಿ, ಆವತ್ತು ಇಲ್ಲೇ ಕೂತು ಲೇಬಲ್ ಅಂಟಿಸಿದ್ದೆ ನಾ? ಇತ್‌ನಾ ಮಜಾ ಆಯಾ ಥಾ! ಎಷ್ಟು ಚೆನ್ನಾಗಿತ್ತು! ನಾನು ಯಾವಾಗ್ಲೂ ಅದನ್ನೇ ನೆನೆಸ್ಕೋತೀನಿ. ನಾನು ಇಲ್ಲಿ ನಗ್ತಾ ಇದ್ದಾಗ ಪಪ್ಪಾ ಇನ್ನೂ ಇದ್ರು. ಮಮ್ಮಿ ಬಂದಾಗ್ಲೇ ಅಲ್ವಾ ಪಪ್ಪಾ ವಿಷಯ ಫೋನ್ ಬಂದಿದ್ದು?"

ಪೊನ್ನಮ್ಮನ ಕೈ ನಿಂತಿತು. ಜಲಜಾ ಕಾಗದವನ್ನು ಮೆಲ್ಲಗೆ ಎಳೆದುಕೊಂಡಳು.

"ಹೌದು ಪುಟ್ಟಾ" ಎಂದಳು. "ಪೊನ್ನಮ್ಮಾ, ಇದ್ರಲ್ಲಿ ಏನೋ ತಪ್ಪಾಗಿದೆ. ಸಹಿ ಬೇಡ ಬಿಡಿ."

ಸಂಜೆ ಪ್ರಿನ್ಸಿಪಾಲರು ಕೇಳಿದಾಗ, ಮನೆಯವರ ಸಹಿ ಸಿಗಲಿಲ್ಲ ಎಂದಷ್ಟೇ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಮೆಟ್ರೋ ಮೆಟ್ಟಿಲಿನಲ್ಲೇ ರೇಗಿದೆ.

"ಎಂಟು ದಿನ ಕೂತು ಬರ್ದಿದ್ದೀಯ. ಹೆಸರು ಬದಲಾಯಿಸಿ ಕಳಿಸ್ಬಹುದಲ್ಲ?"

"ಯಾವ ಹೆಸರು ಹಾಕಿದ್ರೂ ಅವಳಿಗೆ ಗೊತ್ತಾಗಲ್ವಾ ಇಂದಿರಾ?" ಜಲಜಾ ಕಂಬಿ ಹಿಡಿದು ನಿಂತಳು. "ಅವಳ ಲೆಕ್ಕದಲ್ಲಿ ಅವಳಪ್ಪ ಎರಡೂವರೆ ಗಂಟೆ ಜಾಸ್ತಿ ಬದುಕಿದ್ದಾರೆ. ಇರಲಿ ಬಿಡು."