ದೇವಕ್ಕ ಮುಚ್ಚಿಟ್ಟ ಅಳು

ಚಚಡಿ ಎಂಬ ಹಳ್ಳಿಯ ದೇವಕ್ಕನ ಮಗಳು ಉಮಾಶ್ರೀ ಹುಟ್ಟಿದಾಗ ಅಳಲಿಲ್ಲ. ಅತ್ತದ್ದು ಬಹಳ ಹೊತ್ತಿನ ಮೇಲೆ. ಅಷ್ಟರೊಳಗೆ ಮಿದುಳಿಗೆ ಪೆಟ್ಟಾಗಿತ್ತು. ಸಾಲೆಗೆ ಹೋಗುವ ವಯಸ್ಸಾದರೂ ಮಗುವಿಗೆ ನಿಲ್ಲಲು ಬರಲಿಲ್ಲ. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. ಗಂಡ ಗೌರೀಶ ಟಂಟಂ ರಿಕ್ಷಾ ಓಡಿಸುತ್ತ ಹೊರಗೇ ಇರುತ್ತಿದ್ದ. ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಬೈಲಹೊಂಗಲಕ್ಕೆ ವ್ಯಾಯಾಮಕ್ಕೆ ಒಯ್ದು ಒಯ್ದು ದೇವಕ್ಕನ ಬೆನ್ನು ಹಿಡಿದುಕೊಂಡಿತ್ತು.

ಹೀಗಿರುವಾಗ ಒಂದು ಸಂಸ್ಥೆಯವರು ಮನೆಗೇ ಟ್ಯಾಬ್ ತಂದುಕೊಟ್ಟರು, ಜೊತೆಗೆ ಕೈಕಾಲಿಗೆ ಕಟ್ಟುವ ಪಟ್ಟಿಗಳು. ಪಟ್ಟಿಯೊಳಗಿನ ಸಣ್ಣ ಯಂತ್ರ ಮಗುವಿನ ಚಲನೆಯನ್ನು ಗುರುತಿಸುತ್ತಿತ್ತು. ಉಮಾಶ್ರೀ ಕೈ ಎತ್ತಿದರೆ ಪರದೆಯ ಮೇಲೆ ಗಿಳಿ ಹಾರುತ್ತಿತ್ತು. ದೇವಕ್ಕ ಅವಳ ಕಾಲುಗಳನ್ನು ಮೆಲ್ಲಗೆ ಅಗಲಿಸಿದರೆ ಹೂ ಅರಳುತ್ತಿತ್ತು. ವಾರಕ್ಕೊಮ್ಮೆ ಧಾರವಾಡದಿಂದ ಶರ್ವರಿ ಎಂಬ ಥೆರಪಿಸ್ಟ್ ವಿಡಿಯೋ ಕಾಲ್ ಮಾಡಿ ಹೇಳಿಕೊಡುತ್ತಿದ್ದರು.

ಮೊದಲ ಸಲ ಗಿಳಿ ಹಾರಿದಾಗ ಮಗು ಕೇಕೆ ಹಾಕಿತು. ತನ್ನಿಂದ ಏನೋ ಒಂದು ಆಯಿತೆಂದು ಅದಕ್ಕೆ ಗೊತ್ತಾದದ್ದು ಅಂದೇ. ನೋಡುತ್ತ ಕೂತ ದೇವಕ್ಕನ ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ಕಾಲಿನ ಪಾಳಿ ಬಂದಾಗ ಮಾತ್ರ ಮಗು ನರಳುತ್ತಿತ್ತು. ಬರಬರುತ್ತ ಅದು ಚೀರಾಟವಾಯಿತು. ನೋವಾದರೆ ನಿಲ್ಲಿಸಿ ತನಗೆ ತಿಳಿಸಬೇಕೆಂದು ಶರ್ವರಿ ಮೊದಲೇ ಹೇಳಿದ್ದರು. ಆದರೆ ದೇಗಾಂವದ ಒಂದು ಮಗು ಆಟ ಆಡಲಿಲ್ಲವೆಂದು ಸಂಸ್ಥೆಯವರು ಅವರ ಮನೆಯ ಟ್ಯಾಬ್ ವಾಪಸ್ ಒಯ್ದಿದ್ದರು. ಆ ಸುದ್ದಿ ದೇವಕ್ಕನ ತಲೆಯಲ್ಲಿ ಕೂತಿತ್ತು. ಮಗು ಚೀರಿದರೂ ಕಾಲು ಅಗಲಿಸುವುದನ್ನು ಅವಳು ಬಿಡಲಿಲ್ಲ. ಕಾಲಿನ ವ್ಯಾಯಾಮ ತೋರಿಸಿ ಎಂದಾಗಲೆಲ್ಲ ನೆಟ್‌ವರ್ಕ್ ಇಲ್ಲವೆಂದು ಕರೆ ಕತ್ತರಿಸುತ್ತಿದ್ದಳು. ಅರಳಿದ ಹೂಗಳ ಲೆಕ್ಕ ಮಾತ್ರ ತಾನಾಗಿ ಶರ್ವರಿಗೆ ಹೋಗುತ್ತಿತ್ತು. ಅದನ್ನು ನೋಡಿ ಅವರೂ ಎಲ್ಲ ಸರಿಯಿದೆ ಎಂದುಕೊಂಡರು.

ಕೊನೆಗೆ ಒಂದು ದಿನ ಕಾಲ್ ಬಂದಾಗ ಅತ್ತೆ ಲಗಮವ್ವ ಸೊಸೆಯನ್ನು ಸರಿಸಿ ತಾನೇ ಟ್ಯಾಬಿನ ಮುಂದೆ ಕೂತಳು.

"ಬಾಯಾರ, ಈಕಿ ಹೇಳೂದಿಲ್ಲ, ನಾ ಹೇಳತೇನಿ. ಕೂಸಿನ ತೊಡಿ ಮುಟ್ಟಿದರ ಚೀರತೈತಿ. ಅರಿವಿ ಬದಲ ಮಾಡಾಕೂ ಬಿಡವಲ್ದು."

ಶರ್ವರಿ ಮಗುವನ್ನು ಅಂಗಾತ ಮಲಗಿಸಿ, ಎರಡೂ ಮೊಣಕಾಲು ಮಡಚಿ, ಪಾದ ಜೋಡಿಸಿ ಹಿಡಿಯಲು ಹೇಳಿದರು. ಒಂದು ಮೊಣಕಾಲು ಇನ್ನೊಂದಕ್ಕಿಂತ ಕೆಳಗಿತ್ತು.

"ದೇವಕ್ಕಾರ, ಇನ್ನ ಕಾಲಿಗೆ ಪಟ್ಟಿ ಕಟ್ಟಬ್ಯಾಡ್ರಿ. ನಾಳೆನ ಬೆಳಗಾವಿ ದೊಡ್ಡ ದವಾಖಾನಿಗೆ ಕರ್ಕೊಂಡ ಬರ್ರಿ, ನಾನೂ ಬರತೇನಿ."

ಎಕ್ಸ್‌ರೇಯಲ್ಲಿ ತೊಡೆಯ ಎಲುಬು ಸೊಂಟದ ಕೀಲಿನಿಂದ ಹೊರಗೆ ಜಾರಿರುವುದು ಕಂಡಿತು. ಇದು ವ್ಯಾಯಾಮದಿಂದ ಆದದ್ದಲ್ಲ, ಇಂಥ ಮಕ್ಕಳಲ್ಲಿ ವರ್ಷಗಟ್ಟಲೆ ಮೆಲ್ಲಮೆಲ್ಲಗೆ ಜಾರುತ್ತದೆ, ಮೊದಲೇ ಗೊತ್ತಾಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ ಎಂದರು ಡಾಕ್ಟರು. ದೇವಕ್ಕನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಆಪರೇಷನ್ ಆಯಿತು. ಎದೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಮಗುವಿನ ಪಕ್ಕದಲ್ಲಿ ಶರ್ವರಿ ಬಂದು ನಿಂತರು. ಪಟ್ಟಿ ಕಟ್ಟಿಸುವ ಮೊದಲೇ ಎಕ್ಸ್‌ರೇ ತೆಗೆಸಬೇಕಿತ್ತು, ತಪ್ಪು ತನ್ನದು ಎಂದರು.

ದೇವಕ್ಕ ತಲೆ ಎತ್ತಲಿಲ್ಲ. "ನಿಮಗ ಕಾಣಲಿಲ್ರಿ," ಎಂದಳು. "ನನಗ ಕೇಳಸ್ತಿತ್ತು."

ಪ್ಲಾಸ್ಟರ್ ತೆಗೆದ ಮೇಲೆ ನೋವು ಕಡಿಮೆಯಾಯಿತು. ಆದರೆ ನಿಲ್ಲುವ ಆಸೆ ಇಟ್ಟುಕೊಳ್ಳಬೇಡಿ ಎಂದುಬಿಟ್ಟರು ಡಾಕ್ಟರು. ಕೈಯ ಆಟವಾದರೂ ಉಳಿಯಲಿ ಎಂದು ದೇವಕ್ಕ ಟ್ಯಾಬ್ ಹೊರತೆಗೆದರೆ, ಅದನ್ನು ಕಂಡೇ ಮಗು ಹೌಹಾರಿ ಚೀರತೊಡಗಿತು. ಸ್ವಲ್ಪ ದಿನ ಪಟ್ಟಿ ಕಟ್ಟದೆ ಬರೀ ಪರದೆ ತೋರಿಸಿ ನೋಡಿದಳು. ಆಗಲಿಲ್ಲ. ಎಲ್ಲವನ್ನೂ ಚೀಲಕ್ಕೆ ಹಾಕಿ ತಾನೇ ಹೋಗಿ ಶರ್ವರಿಗೆ ಒಪ್ಪಿಸಿ ಬಂದಳು.

ಈಚೆಗೆ, ಅದೇ ಸಂಸ್ಥೆಯ ಟ್ಯಾಬ್ ಪಡೆದಿದ್ದ ಕಿತ್ತೂರಿನ ಒಬ್ಬ ತಾಯಿ ದೇವಕ್ಕನಿಗೆ ಫೋನ್ ಮಾಡಿದ್ದಳು. ಮಗು ಅಳುತ್ತದೆ, ಹೇಳಿದರೆ ಯಂತ್ರ ಒಯ್ಯುತ್ತಾರೇನೋ ಎಂದು ಹೆದರಿದ್ದಳು.

"ಒಯ್ದರ ಒಯ್ಯಲಿ, ತಂಗಿ. ಇವತ್ತ ಹೇಳ," ಎಂದಳು ದೇವಕ್ಕ.

ಉಮಾಶ್ರೀ ಈಗ ದಿಂಬಿನ ಆಸರೆಯಲ್ಲಿ ಕೂರುತ್ತಾಳೆ. ಅಜ್ಜಿ ಉಣಿಸಿದರೆ ಉಣ್ಣುತ್ತಾಳೆ. ತಾಯಿ ಹತ್ತಿರ ಬಂದು ಕೈ ಚಾಚಿದರೆ ಮಾತ್ರ ಮೈಯೆಲ್ಲ ಬಿಗಿ ಹಿಡಿಯುತ್ತಾಳೆ.