ಮಿಲಿಮೀಟರಿನ ಬೆರಳು

ಬೀದಿಯವರೆಲ್ಲ ನನ್ನಣ್ಣನನ್ನು ಮಿಲಿಮೀಟರ್ ಎಂದೇ ಕರೆಯುತ್ತಾರೆ. ಹಳೇ ಮೋಟಾರ್ ಸೈಕಲ್ ರಿಪೇರಿ ಅವನ ಕಸುಬು. ಅಳತೆಯ ಸಾಮಾನು ಮುಟ್ಟುವುದಿಲ್ಲ, ಬೆರಳ ತುದಿಯಲ್ಲೇ ತಗಡಿನ ದಪ್ಪ ಹೇಳುತ್ತಾನೆ. ಒಂದು ಕ್ಯಾಲಿಪರ್ ತಗೋ ಎಂದರೆ, "ನೀನು ಉಪ್ಪು ತೂಕ ಮಾಡಿ ಹಾಕ್ತೀಯಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಾನೆ. ಹಿಡಿದ ಮೊಲಕ್ಕೆ ಮೂರೇ ಕಾಲು. ಬಿಡಿಭಾಗ ತೊಳೆದು, ಒರೆಸಿ, ಸಾಲಾಗಿ ಇಡುವವಳು ನಾನು. ಇಪ್ಪತ್ತು ವರ್ಷದಿಂದ ಇದೇ ಆಯಿತು.

ಅವನಿಗೆ ಸಕ್ಕರೆ ಕಾಯಿಲೆ. ಬೆರಳು ಜೋಮು ಹಿಡಿಯುತ್ತಿರುವುದನ್ನು ಅತ್ತಿಗೆಗೂ ಹೇಳಿರಲಿಲ್ಲ. ಒಂದು ದಿನ ಸುಡುವ ಲೋಟ ಹಿಡಿದೇ ಮಾತಾಡುತ್ತ ಕೂತಿದ್ದ. ಚರ್ಮ ಕೆಂಪಾದರೂ ಕೆಳಗಿಡಲಿಲ್ಲ. ಆಗ ನನಗೆ ಗೊತ್ತಾಯಿತು.

ಹೋದ ತಿಂಗಳು ನಮ್ಮಪ್ಪನಿಗಿಂತ ಹಳೆಯ ಗಾಡಿಯೊಂದು ಬಂತು. ಅದಕ್ಕೆ ಚೈನ್ ಇಲ್ಲ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರದವರೆಗೆ ಉದ್ದನೆಯ ಶಾಫ್ಟ್, ಅದರ ತುದಿಯಲ್ಲಿ ಒಂದನ್ನೊಂದು ಕಚ್ಚುವ ಎರಡು ಹಲ್ಲುಚಕ್ರಗಳು. ಕಚ್ಚು ಬಿಗಿಯಾದರೆ ಹಲ್ಲು ಸವೆಯುತ್ತದೆ, ಸಡಿಲವಾದರೆ ಮುರಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಸರಿಮಾಡಲು ಒಂದು ಚಕ್ರದ ಕೆಳಗೆ ಕಾಗದದಷ್ಟು ತೆಳ್ಳಗಿನ ಬಳೆ ಕೂರಿಸಬೇಕು, ಅದಕ್ಕೆ ಶಿಮ್ ಎನ್ನುತ್ತಾರೆ.

"ಇದು ಒಂದೇ ಸಲಕ್ಕೆ ಕೂತ್ರೆ ಅಂಗಡಿ ನಡೆಸ್ತೀನಿ. ಇಲ್ಲಾಂದ್ರೆ ಶಟರ್ ಎಳೀತೀನಿ," ಎಂದ, ನನ್ನ ಮುಖ ನೋಡದೆ.

ಶಾಫ್ಟನ್ನು ಕೊಳವೆಯೊಳಗೆ ತೂರಿಸಿ ಮುಂದಿನ ಕೀಲಿಗೆ ಬೋಲ್ಟ್ ಬಿಗಿದ. ಆಮೇಲೆ ಡಬ್ಬಿಯಿಂದ ಶಿಮ್ ಆರಿಸಿ, ಬೆರಳ ನಡುವೆ ಉಜ್ಜಿ, "ಇದೇ" ಎಂದು ಕೂರಿಸಿದ. ಅದು ಒಂದಲ್ಲ, ಎಣ್ಣೆಗೆ ಅಂಟಿಕೊಂಡ ಎರಡು. ಅಂಚಿನಲ್ಲಿ ಗೆರೆ ನನಗೆ ಕಾಣುತ್ತಿತ್ತು. ಅದರ ಮೇಲೆ ಹಲ್ಲುಚಕ್ರ ಇಡುವ ಮೊದಲು ಟೀ ಕುಡಿದು ಬರುತ್ತೇನೆಂದು ಹೋದ. ನಾನು ಮೀನಮೇಷ ಎಣಿಸದೆ ಒಂದನ್ನು ತೆಗೆದುಬಿಟ್ಟೆ.

ಬಂದವನು ಚಕ್ರ ಜೋಡಿಸಿ, ಹಲ್ಲಿಗೆ ನೀಲಿ ಬಣ್ಣ ಸವರಿ ತಿರುಗಿಸಿದ. ಗುರುತು ಹಲ್ಲಿನ ನಟ್ಟನಡುವೆ ಬಿತ್ತು, ಅಂದರೆ ಕಚ್ಚು ಸರಿಯಾಗಿ ಕೂತಿತ್ತು. ಸಂಜೆವರೆಗೂ ಏನೋ ಗುನುಗುತ್ತಲೇ ಇದ್ದ. ಮನೆಯಲ್ಲಿ ಊಟ ಎರಡು ಸಲ ಹಾಕಿಸಿಕೊಂಡನಂತೆ, ಅತ್ತಿಗೆ ಹೇಳಿದಳು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಎದುರುಮನೆಯ ನರ್ಸ್ ಸ್ಕೂಟರ್ ತಂದಳು. ಮಗಳನ್ನು ಹಿಂದೆ ಕೂರಿಸಿಕೊಂಡು ಇಳಿಜಾರಿನಲ್ಲಿ ಶಾಲೆಗೆ ಬಿಡುವವಳು. ಬ್ರೇಕ್ ಹಿಡಿಯುತ್ತಿಲ್ಲ ಎಂದಳು. ಒಂದು ವರ್ಷದಿಂದ ಬ್ರೇಕ್ ಕೆಲಸವನ್ನೇ ಒಪ್ಪದಿದ್ದ ಅಣ್ಣ, "ಬಿಟ್ಟು ಹೋಗಮ್ಮ, ಸಂಜೆಗೆ ಕೊಡ್ತೀನಿ," ಎಂದ.

ಅವಳು ಬೀದಿ ದಾಟಿದ ಮೇಲೆ ಹೇಳಿದೆ:

"ಬ್ರೇಕ್ ಬೇಡಣ್ಣ. ನಿನ್ನೆ ನೀನು ಹಾಕಿದ್ದು ಎರಡು ಶಿಮ್. ಒಂದನ್ನ ನಾನು ತೆಗ್ದೆ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸ್ಟೂಲಿನ ಮೇಲೆ ಕೂತು, ಅಂಗೈ ತಿರುಗಿಸಿ ನೋಡಿಕೊಂಡ.

"ಅಂದ್ರೆ ಸರಿ ಕೂರಿಸಿದ್ದು ನೀನು."

"ಹೂಂ."

"ಯಾವಾಗ ಕಲಿತೆ?"

"ನೀನು ಮಾಡೋದನ್ನ ನೋಡ್ತಾ ನೋಡ್ತಾ."

ಸ್ಪ್ಯಾನರನ್ನು ನನ್ನ ಕಡೆ ಸರಿಸಿ, "ಹಾಗಾದ್ರೆ ಅವಳ ಬ್ರೇಕ್ ನೀನೇ ಬಿಚ್ಚು," ಎಂದ. ನಾನು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ ಮೇಲೆ, ಬೆನ್ನ ಹಿಂದಿನಿಂದ ಹೇಳಿದ:

"ನಿನ್ನೆ ಒಂದಿನ ಚೆನ್ನಾಗಿತ್ತು ಕಣೆ."